ಬೇಕರಿಯವನು ಬ್ರೆಡ್ ಎಸೆದದ್ದು ಯಾಕೆ?

ಮೇಷ್ಟ್ರ ಬಳಿ ಊಟದ ಹೊತ್ತಿಗೆ ಹೇಳಲು ಒಂದು ಕಥೆಯಿತ್ತು. ಒಂದೇ ಇತ್ತು ಎಂದರೂ ತಪ್ಪಿಲ್ಲ. ತಮ್ಮನ ಮನೆಗೆ ಹೊಸಬರು ಯಾರೇ ಬರಲಿ, ಅವರು ಕೈ ತೊಳೆದು ಕೂತು ತಟ್ಟೆಗೆ ಊಟ ಬೀಳುವ ಮುಂಚೆ ಕಿವಿಗೆ ಕಥೆ ಬೀಳುತ್ತಿತ್ತು.

ಕಥೆಯ ನಾಯಕ ಅಲ್ಲೇ ಎದುರಿಗೆ ಕೂತು ನೀರಿನ ಲೋಟ ತಿರುಗಿಸುತ್ತಿರುತ್ತಿದ್ದ. ಮೇಷ್ಟ್ರ ತಮ್ಮ, ಬೇಕರಿಯವನು. ಬಹಳ ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಅಂಗಡಿಯ ಮುಂದೆ ಜನ ಸಾಲುಗಟ್ಟಿ ನಿಂತಿರುವಾಗ, ಇವನು ಒಲೆಯಿಂದ ಆಗಷ್ಟೇ ಇಳಿಸಿದ ಬ್ರೆಡ್ಡನ್ನೆಲ್ಲ ಹಿತ್ತಲಿನ ಗುಂಡಿಗೆ ಸುರಿದು, ಇವತ್ತಿನದು ನನಗೆ ಹಿಡಿಸಲಿಲ್ಲ ಎಂದು ಹೇಳಿ ಬಾಗಿಲು ಎಳೆದುಕೊಂಡಿದ್ದ.

"ಮಹಾರಾಜರು ಕೂಡ ಊಟ ಹಿಡಿಸದಿದ್ರೆ ತಟ್ಟೆ ಪಕ್ಕಕ್ಕೆ ಸರಿಸ್ತಾರೆ, ಅಷ್ಟೆ" ಎಂದು ಮೇಷ್ಟ್ರು ಕಥೆಗೆ ಬಾಲ ಹಚ್ಚುತ್ತಿದ್ದರು. "ಇವನು ಮಣ್ಣು ಮಾಡ್ಬಿಟ್ಟ."

ಕೇಳಿದವರು ನಗುತ್ತಿದ್ದರು. ತಮ್ಮನೂ ನಗುತ್ತಿದ್ದ, ಫೋಟೋದವನು ನಗಿ ಎಂದಾಗ ನಗುವ ಹಾಗೆ. ಅವನ ಹೆಂಡತಿ ಮಾತ್ರ ಸರಿಯಾಗಿ ಅದೇ ಹೊತ್ತಿಗೆ ಒಳಗೆ ಯಾವುದೋ ಪಾತ್ರೆ ನೆನಪಾಗಿ ಎದ್ದು ಹೋಗುತ್ತಿದ್ದಳು. ಅಂಗಡಿಯ ಬೋರ್ಡಿನ ಮೇಲೆ ಏನೇ ಬರೆದಿರಲಿ, ಓಣಿಯವರ ಬಾಯಲ್ಲಿ ಅದು ಜಂಬದ ಬೇಕರಿ ಎಂದೇ ಉಳಿದಿತ್ತು. ಆ ಹೆಸರು ಉಳಿಯಲು ಮೇಷ್ಟ್ರ ನಾಲಿಗೆ ಪಟ್ಟ ಶ್ರಮ ಕಡಿಮೆಯದಲ್ಲ.

ಹಾಗೆಂದು ಅಣ್ಣ ತಮ್ಮಂದಿರಲ್ಲಿ ಮನಸ್ತಾಪವೇನೂ ಇರಲಿಲ್ಲ. ಮೇಷ್ಟ್ರು ಮದುವೆಯಾಗದೆ ಉಳಿದವರು, ಭಾನುವಾರದ ಊಟ ತಮ್ಮನ ಮನೆಯಲ್ಲೇ. ಅವರು ಬೇಕರಿಯ ಒಳಗೆ ಕಾಲಿಟ್ಟಾಗಲೆಲ್ಲ ತಮ್ಮ ಕೈಯ ಹಿಟ್ಟು ಕೊಡವಿಕೊಂಡು ಬಂದು, ಅಣ್ಣನ ಮೂಗಿನಿಂದ ಕನ್ನಡಕ ತೆಗೆದು, ಬೆಳಕಿಗೆ ಹಿಡಿದು ನೋಡಿ, ಬಿಳಿ ಬಟ್ಟೆಯಲ್ಲಿ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸುತ್ತಿದ್ದ. ಮೇಷ್ಟ್ರು ಇದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಬೀಗುತ್ತಿದ್ದರು. ಈಗಿನ ಕಾಲದಲ್ಲಿ ಯಾವ ತಮ್ಮ ಅಣ್ಣನ ಕನ್ನಡಕ ಒರೆಸುತ್ತಾನೆ, ತೋರಿಸಿ ನೋಡೋಣ ಎನ್ನುತ್ತಿದ್ದರು. ತೋರಿಸಲು ಯಾರ ಬಳಿಯೂ ಅಂಥ ತಮ್ಮ ಇರಲಿಲ್ಲ.

ಈ ಬ್ರೆಡ್ಡಿನ ಕಥೆಯನ್ನು ಮೇಷ್ಟ್ರು ಒಂದು ದಿನ ಪರೀಕ್ಷೆಗೆ ಹಾಕಿದರು. ಹಗೆಯಿಂದಲ್ಲ. ಬೇರೆ ಕಥೆ ಹೊಳೆಯಲಿಲ್ಲ, ಅಷ್ಟೆ.

ಪರೀಕ್ಷೆ ಎಂದರೆ ಅಂತಿಂಥದ್ದಲ್ಲ. ಹೈಸ್ಕೂಲು ಮುಗಿಸಿ ಕಾಲೇಜಿನ ಬಾಗಿಲಿಗೆ ಬಂದ ಮಕ್ಕಳೆಲ್ಲ ಒಂದೇ ದಿನ ಬರೆಯುವ ಪ್ರವೇಶ ಪರೀಕ್ಷೆ. ಅದರ ಮರ್ಮವನ್ನು ಮೇಷ್ಟ್ರು ಒಮ್ಮೆ ತಮ್ಮನಿಗೆ ಬಿಡಿಸಿ ಹೇಳಿದ್ದರು. ಯಾವ ಶಾಲೆ, ಯಾವ ಮೇಷ್ಟ್ರು, ಅಪ್ಪ ಏನು ಮಾಡುತ್ತಾನೆ, ಯಾವುದೂ ಅಲ್ಲಿ ನಡೆಯುವುದಿಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅವಧಿ, ಅದೇ ಗಜಕಡ್ಡಿ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದಕ್ಕೆ ಗುರುತು ಹಾಕಬೇಕು. ತಪ್ಪಿದರೆ ಸುಮ್ಮನೆ ಬಿಡುವುದಿಲ್ಲ, ಗಳಿಸಿದ್ದರಲ್ಲೇ ಸ್ವಲ್ಪ ಕತ್ತರಿಸುತ್ತಾರೆ. ತಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿ, "ಬನ್ನಿಗೂ ಬ್ರೆಡ್ಡಿಗೂ ಒಂದೇ ಬಿಸಿ ಕೊಟ್ರೆ ಒಂದು ಸೀದು ಹೋಗುತ್ತೆ, ಇನ್ನೊಂದು ಹಸಿ ಉಳಿಯುತ್ತಲ್ಲಣ್ಣ" ಎಂದಿದ್ದ. ನಿನ್ನ ಒಲೆಯ ಮಾತು ಇಲ್ಲಿಗೆ ತರಬೇಡ ಎಂದು ಮೇಷ್ಟ್ರು ಅವನ ಬಾಯಿ ಮುಚ್ಚಿಸಿದ್ದರು.

ಆ ಪರೀಕ್ಷೆಯ ಭಾಷಾ ಭಾಗಕ್ಕೆ ಪ್ರಶ್ನೆ ಬರೆಯುವವರಲ್ಲಿ ಮೇಷ್ಟ್ರೂ ಒಬ್ಬರು. ಇದು ಮನೆಯವರಿಗೂ ಹೇಳಬಾರದ ಗುಟ್ಟು. ಮೇಷ್ಟ್ರು ಹೇಳಿರಲಿಲ್ಲ. ಆದರೆ ಪ್ರತಿ ವರ್ಷ ಒಂದು ವಾರ "ಹೊರಗಡೆ ಕೆಲಸ" ಎಂದು ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಗಳ ಜೊತೆ ಮಾಯವಾದರೆ ಮನೆಯವರೇನು ಕುರುಡರೇ? ಅವರು ಕೇಳುತ್ತಿರಲಿಲ್ಲ, ಅಷ್ಟೆ.

ಪರೀಕ್ಷಾ ಮಂಡಳಿಯವರು ಕಿಟಕಿಗೆಲ್ಲ ಪರದೆ ಎಳೆದ ಒಂದು ಕೋಣೆಯಲ್ಲಿ ಮೇಷ್ಟ್ರುಗಳನ್ನು ಕೂರಿಸಿ, ಫೋನುಗಳನ್ನು ಹೊರಗೆ ಬುಟ್ಟಿಯಲ್ಲಿ ಇಡಿಸಿಕೊಂಡು ಪ್ರಶ್ನೆ ಬರೆಸುತ್ತಿದ್ದರು. ಒಂದು ಪುಟ್ಟ ಗದ್ಯಭಾಗ, ಅದರ ಕೆಳಗೆ ಪ್ರಶ್ನೆಗಳು. ಸರಿಯುತ್ತರವನ್ನು ಗದ್ಯದೊಳಗೇ ಬೆರಳಿಟ್ಟು ತೋರಿಸಲು ಸಾಧ್ಯವಿರಬೇಕು. ಉಳಿದ ಮೂರು ಉತ್ತರಗಳು ಕಷ್ಟದ ಕೆಲಸ. ಅವು ನೋಡಲು ಮರ್ಯಾದಸ್ಥರ ಹಾಗಿರಬೇಕು, ವಿಚಾರಿಸಿದರೆ ಹುಳುಕು ಹೊರಗೆ ಬರಬೇಕು. ಅವನ್ನು ತಮ್ಮತಮ್ಮಲ್ಲಿ ಬೆದರುಬೊಂಬೆಗಳು ಎಂದು ಕರೆಯುತ್ತಿದ್ದರು.

ಮೇಷ್ಟ್ರು ಬ್ರೆಡ್ಡಿನ ಕಥೆಯನ್ನು ಹೆಸರಿಲ್ಲದೆ, ಊರಿಲ್ಲದೆ, ಸೊಗಸಾಗಿ ಬರೆದರು. ಊಟದ ಹೊತ್ತಿನ ತಮಾಷೆ ತೆಗೆದುಹಾಕಿ, ಅದರ ಬದಲು ಅಂದಿನ ಬೆಳಿಗ್ಗೆ ತಾವು ಕಂಡ, ಆಮೇಲೆ ಸಾಲಿನಲ್ಲಿದ್ದವರಿಂದ ಕೇಳಿದ ಸಣ್ಣಪುಟ್ಟ ವಿವರಗಳನ್ನು ನೆನಪು ಮಾಡಿಕೊಂಡು ತುಂಬಿದರು. ಕೊನೆಗೆ ಪ್ರಶ್ನೆ: ಬೇಕರಿಯವನು ಬ್ರೆಡ್ ಎಸೆದದ್ದು ಯಾಕೆ? ಮೊದಲನೆಯ ಉತ್ತರ, ಬ್ರೆಡ್ ಸೀದುಹೋಗಿತ್ತು. ಎರಡನೆಯದು, ಗಿರಾಕಿಗಳ ಹಸಿವಿಗಿಂತ ತನ್ನ ಹೆಸರೇ ಅವನಿಗೆ ದೊಡ್ಡದಾಗಿತ್ತು. ಇದೇ ಸರಿಯುತ್ತರ, ಮೇಷ್ಟ್ರಿಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಮೂರನೆಯದು, ಸಾಲಿನಲ್ಲಿದ್ದವರ ಜೊತೆ ಅವನಿಗೆ ಜಗಳವಾಗಿತ್ತು. ಇಷ್ಟು ಬರೆಯುವ ಹೊತ್ತಿಗೆ ಚಹಾ ಬಂತು. ನಾಲ್ಕನೆಯ ಬೆದರುಬೊಂಬೆ ಇನ್ನೂ ಬಾಕಿ. ಮೇಷ್ಟ್ರು ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದರಲ್ಲಿ ಗೀಚಿದರು: ಬೇರೊಬ್ಬರ ತಪ್ಪನ್ನು ಅವನು ಮುಚ್ಚಿಡಬೇಕಿತ್ತು.

ಬರೆದ ಪ್ರಶ್ನೆಗಳು ಆ ವರ್ಷವೇ ಬರಬೇಕೆಂದಿಲ್ಲ. ಮಂಡಳಿಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿ, ಯಾವಾಗಲೋ ಒಮ್ಮೆ ಎದ್ದು ಬರುತ್ತವೆ. ಬೇಕರಿಯವನ ಪ್ರಶ್ನೆಯೂ ಹಾಗೆ ಮಲಗಿತು. ಅದು ಎದ್ದು ಬಂದ ವರ್ಷ ಪರೀಕ್ಷೆಗೆ ಕೂತವರಲ್ಲಿ ಬೇಕರಿಯವನ ಮಗಳೂ ಇದ್ದಳು.

ಮನೆಯಲ್ಲಿ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಮೈ ಹಾಗಿತ್ತು, ಮಾತೂ ಹಾಗೇ, ಕಡ್ಡಿ ಮುರಿದ ಹಾಗೆ. ಹುಟ್ಟಿದಾಗಿನಿಂದ ಉಬ್ಬುವ ಹಿಟ್ಟನ್ನು ನೋಡುತ್ತಾ ಬೆಳೆದವಳಿಗೆ ಅದು ಯಾಕೆ ಉಬ್ಬುತ್ತದೆ ಎಂದು ಓದಿ ತಿಳಿಯುವ ಆಸೆ. ಅದನ್ನು ಸರಿಯಾಗಿ ಹೇಳಿಕೊಡುವ ಪ್ರಯೋಗಶಾಲೆಯಿದ್ದದ್ದು ಊರಿನ ದೊಡ್ಡ ಕಾಲೇಜಿನಲ್ಲಿ ಮಾತ್ರ. ಭಾಷಾ ಭಾಗವನ್ನು ಅವಳಿಗೆ ಭಾನುವಾರಗಳಲ್ಲಿ ಹೇಳಿಕೊಟ್ಟವರು ದೊಡ್ಡಪ್ಪನೇ. ಗದ್ಯದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅಂದ್ಕೋ, ಮನೆಯಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ಪರೀಕ್ಷೆಯ ಹಾಲಿನ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಹೋಗು ಎಂದು ಅವರು ಕಲಿಸಿದ್ದರು. ಆ ವರ್ಷವೂ ಮಂಡಳಿಗೆ ಬರೆದುಕೊಟ್ಟ ಹಾಳೆಯಲ್ಲಿ, ನಿಮ್ಮ ಮಕ್ಕಳು ಯಾರಾದರೂ ಈ ವರ್ಷ ಪರೀಕ್ಷೆ ಬರೆಯುತ್ತಿದ್ದಾರೆಯೇ ಎಂಬ ಪ್ರಶ್ನೆಯಿತ್ತು. ಮಕ್ಕಳಿಲ್ಲದ ಮೇಷ್ಟ್ರು ಇಲ್ಲ ಎಂದು ಬರೆದರು. ತಮ್ಮನ ಮಗಳ ವಿಷಯ ಅವರು ಕೇಳಿರಲಿಲ್ಲ, ಇವರು ಹೇಳಲಿಲ್ಲ.

ಪರೀಕ್ಷೆ ಮುಗಿದ ಕೆಲವು ದಿನಗಳಿಗೆ ಮಂಡಳಿ ಸರಿಯುತ್ತರಗಳನ್ನು ಪ್ರಕಟಿಸಿತು. ಯಾವುದಾದರೂ ಉತ್ತರ ತಪ್ಪೆನಿಸಿದರೆ ಮಕ್ಕಳು ಆಕ್ಷೇಪಣೆ ಸಲ್ಲಿಸಬಹುದು, ಅದಕ್ಕೊಂದು ಗಡುವು. ಆ ಭಾನುವಾರ ಮೇಷ್ಟ್ರು ಬಂದಾಗ ತಮ್ಮ ಎಂದಿನಂತೆ ಕನ್ನಡಕ ಒರೆಸಿ ಕೂರಿಸಿ ಒಲೆಯ ಕಡೆ ಹೋದ. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಒಳಗಿನ ಉದ್ದ ಮೇಜಿನ ಮೇಲೆ ಖಾಲಿ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದ ಕಡ್ಡಿ, ಕೈ ಒರೆಸಿಕೊಂಡು, ಪ್ರಶ್ನೆಪತ್ರಿಕೆಯನ್ನು ಅವರ ಮುಂದೆ ಹರಡಿದಳು.

"ದೊಡ್ಡಪ್ಪ, ಒಂದು ಆಕ್ಷೇಪಣೆ ಬರ್ಕೊಡಿ. ಭಾಷೆ ನಿಮ್ದು, ಜಗಳ ನಂದು."

ಲೆಕ್ಕವೆಲ್ಲ ಅವಳು ಹಾಕಿ ಮುಗಿಸಿದ್ದಳು. ಈಗಿರುವಂತೆ ದೊಡ್ಡ ಕಾಲೇಜಿನ ಗೆರೆಯಿಂದ ಹೊರಗೆ. ಈ ಒಂದು ಪ್ರಶ್ನೆಯ ಉತ್ತರ ಬದಲಾದರೆ, ಕೊಯ್ದ ಅಂಕ ವಾಪಸ್ಸು ಬಂದು, ಮೇಲೊಂದು ಸೇರಿ, ಎರಡನೆಯದಕ್ಕೆ ಗುರುತು ಹಾಕಿದವರೆಲ್ಲ ಕೆಳಗಿಳಿದು, ಅವಳು ಗೆರೆಯೊಳಗೆ.

ಮೇಷ್ಟ್ರು ಪತ್ರಿಕೆಯ ಮೇಲೆ ಕಣ್ಣು ಹಾಯಿಸಿದರು. ಮೊದಲನೆಯ ಸಾಲಿಗೇ ಅದು ತಾವು ಬರೆದದ್ದೆಂದು ಗುರುತು ಸಿಕ್ಕಿತು. ಆದರೂ ಮೊದಲ ಸಲ ಓದುವವರ ಮುಖ ಹಾಕಿಕೊಂಡರು. ಪಾಠ ಓದಿಕೊಂಡು ಬಾರದ ಹುಡುಗರ ಮೇಲೆ ಆ ಮುಖವನ್ನು ವರ್ಷಗಟ್ಟಲೆ ನೋಡಿದ್ದವರಿಗೆ ಅದು ಕಷ್ಟವಾಗಲಿಲ್ಲ.

"ಎರಡನೇದು ಸರಿ ಅಂತ ಕೊಟ್ಟಿದಾರೆ. ನಾನು ನಾಲ್ಕನೇದಕ್ಕೆ ಹಾಕಿದೀನಿ" ಎಂದಳು ಕಡ್ಡಿ.

ಮೇಷ್ಟ್ರಿಗೆ ರೇಗಿತು. "ಮನೆ ವಿಷ್ಯ ಹಾಲಿನೊಳಗೆ ತಗೊಂಡು ಹೋಗ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ ನಿನಗೆ?"

ಕಡ್ಡಿ ತಲೆಯೆತ್ತಿ ನೋಡಿದಳು. "ಮನೆ ವಿಷ್ಯ ಅಂತ ನಾನು ಹೇಳೇ ಇಲ್ವಲ್ಲ ದೊಡ್ಡಪ್ಪ."

ಒಲೆಯ ಕಡೆಯಿಂದ ತಟ್ಟೆ ಎಳೆಯುವ ಸದ್ದು ಬರುತ್ತಿತ್ತು. ಅದು ಒಂದು ಕ್ಷಣ ನಿಂತಂತಾಗಿ ಮತ್ತೆ ಶುರುವಾಯಿತು. ಮೇಷ್ಟ್ರು ಕೆಮ್ಮಿದರು. ಕೆಮ್ಮು ಬಂದಿರಲಿಲ್ಲ, ಕರೆಸಿಕೊಂಡರು. ಕಡ್ಡಿ ಅವರನ್ನೇ ನೋಡುತ್ತಿದ್ದವಳು, ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಟ್ಟುಕೊಡುವ ಹಾಗೆ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.

"ಯಾರೋ ಗಿರಾಕಿ ಅಂಗಡೀಲಿ ಈ ಕಥೆ ಕೇಳಿಸ್ಕೊಂಡು ಹೋಗಿ ಬರ್ದಿರ್ಬೇಕು. ಅಲ್ವಾ?"

"ಇರ್ಬೇಕು" ಎಂದರು ಮೇಷ್ಟ್ರು. ಹದಿಹರೆಯದ ಹುಡುಗಿಯೊಬ್ಬಳು ತಮ್ಮ ಮಾನ ಮುಚ್ಚಲು ಬಟ್ಟೆ ಹೊದಿಸುತ್ತಿದ್ದಾಳೆ, ತಾವು ಚಳಿಯಾದವರ ಹಾಗೆ ಅದನ್ನು ಎಳೆದುಕೊಳ್ಳುತ್ತಿದ್ದೇವೆ.

"ಮನೆ ವಿಷ್ಯ ಬಿಡಿ. ನೀವೇ ಕಲಿಸಿದ ಹಾಗೆ ಬರೀ ಗದ್ಯ ನೋಡೋಣ" ಎಂದು ಅವಳು ಬೆರಳಿಟ್ಟಳು. ಎಣ್ಣೆಯ ಬೆರಳು, ಇಟ್ಟಲ್ಲೆಲ್ಲ ಕಾಗದದ ಮೇಲೆ ಒಂದೊಂದು ಗುಂಡಗಿನ ಕಲೆ ಬಿತ್ತು.

ಮೊದಲು ಬೆರಳಿಟ್ಟದ್ದು ಇಲ್ಲಿ: 'ಹೊಸ ಕೆಲಸಕ್ಕೆ ಹೊರಟಿದ್ದ ಅಣ್ಣ, ಬಸ್ಸಿಗೆ ಹೊತ್ತಿದೆಯೆಂದು ಒಳಗೆ ಬಂದು, ತಾನೂ ಒಂದು ಕೈ ನೋಡುತ್ತೇನೆಂದು ತಮಾಷೆಗೆ ಹಿಟ್ಟು ನಾದಿದ. ಬಗ್ಗಿದಾಗ ಅವನ ಕನ್ನಡಕ ಜಾರಿ ತೊಟ್ಟಿಯ ಅಂಚಿಗೆ ಬಡಿಯಿತು. ನಗುತ್ತಾ ಎತ್ತಿ ಹಾಕಿಕೊಂಡ.' ಬೆರಳು ಕೆಳಗಿಳಿಯಿತು: 'ಬ್ರೆಡ್ ಬೆಂದು ಹೊರಗೆ ಬರುವ ಹೊತ್ತಿಗೆ ಅಣ್ಣ ಹೊರಟು ನಿಂತ. ಬೇಕರಿಯವನು ಅವನ ಕನ್ನಡಕ ತೆಗೆದು, ಬೆಳಕಿಗೆ ಹಿಡಿದು ನೋಡಿ, ಒರೆಸಿ, ಮತ್ತೆ ಮೂಗಿನ ಮೇಲಿಟ್ಟು, ಬಸ್ಸು ತಪ್ಪುತ್ತದೆ ಹೊರಡು ಎಂದ.' ಬೆರಳು ಕೊನೆಯ ಸಲ ನಿಂತದ್ದು: 'ಒಂದು ಬ್ರೆಡ್ಡನ್ನು ಮುರಿದು ಬೆರಳುಗಳ ನಡುವೆ ಪುಡಿ ಮಾಡಿ ನೋಡಿದ. ಇನ್ನೊಂದನ್ನೂ ಮುರಿದ. ಆಮೇಲೆ ಎಲ್ಲವನ್ನೂ ಗುಂಡಿಗೆ ಸುರಿದ.'

"ರುಚಿ ನೋಡೋನು ಬ್ರೆಡ್ಡನ್ನ ಬಾಯಿಗೆ ಹಾಕ್ತಾನೆ. ಇವನು ಹಾಕ್ಲೇ ಇಲ್ಲ, ಹುಡುಕ್ತಾ ಇದಾನೆ" ಎಂದಳು ಕಡ್ಡಿ. "ಏನು ಹುಡುಕ್ತಾ ಇದ್ದ ಅಂತ ನಾನು ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಮೇಷ್ಟ್ರ ಕೈ ತಾನಾಗಿ ಕನ್ನಡಕದ ಅಂಚಿಗೆ ಹೋಯಿತು. ಇದು ಬೇರೆ ಕನ್ನಡಕ. ಆವತ್ತಿನ ಕನ್ನಡಕದ ಬಲಗಾಜಿನ ಕೆಳಗೆ, ಉಗುರು ಕತ್ತರಿಸಿದಷ್ಟು, ಒಂದು ಚೂರು ಹಾರಿಹೋಗಿತ್ತು. ಬಸ್ಸಿನಲ್ಲಿ ಕೂತ ಮೇಲೆ ಅವರಿಗೆ ಅದು ಕಂಡಿತ್ತು. ಬಸ್ಸಿನ ಬಾಗಿಲಲ್ಲಿ ನೂಕಾಡಿದವರ ಮೊಣಕೈ ತಗುಲಿದ್ದೆಂದು ತಿಳಿದು, ಜನರಿಗೆ ಶಿಸ್ತೇ ಇಲ್ಲವೆಂದು ಹೊಸ ಶಾಲೆಯಲ್ಲಿ ಮೊದಲ ದಿನವೇ ಒಂದು ಪುಟ್ಟ ಭಾಷಣ ಮಾಡಿದ್ದರು. ಗಾಜಿನ ಕಥೆ ಒಂದು, ಬ್ರೆಡ್ಡಿನ ಕಥೆ ಇನ್ನೊಂದು. ಎರಡನ್ನೂ ಇಷ್ಟು ವರ್ಷ ಬೇರೆಬೇರೆ ಊಟಗಳಲ್ಲಿ ಹೇಳುತ್ತಾ ಬಂದಿದ್ದರು. ಒಂದೇ ಊಟದಲ್ಲಿ ಹೇಳಿದ್ದರೆ ಎದುರಿಗೆ ಕೂತ ಯಾವ ದಡ್ಡನಿಗಾದರೂ ಹೊಳೆಯುತ್ತಿತ್ತೋ ಏನೋ.

ಮತ್ತೊಂದು ವಿಷಯ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದಾಗ ಮೇಷ್ಟ್ರ ಕಿವಿಯ ತುದಿ ಬಿಸಿಯಾಯಿತು. ಪ್ರತಿ ಸಲ ಬಾಗಿಲಲ್ಲಿ ತಮ್ಮ ಕನ್ನಡಕ ತೆಗೆದು ಬೆಳಕಿಗೆ ಹಿಡಿಯುತ್ತಿದ್ದದ್ದು ಭಕ್ತಿಯಿಂದಲ್ಲ. ತಪಾಸಣೆ. ಸ್ಟಾಫ್ ರೂಮಿನಲ್ಲಿ ತಾವು ಹೇಳಿಕೊಂಡು ಬೀಗಿದ್ದು ನೆನಪಾಗಿ, ಇದೇ ಒಲೆಯೊಳಗೆ ತಲೆಯಿಡಬಹುದಾದರೆ ಇಟ್ಟುಬಿಡೋಣ ಎನ್ನಿಸಿತು.

"ಅಪ್ಪನ್ನ ಕೇಳಿದ್ಯಾ?" ಎಂದರು, ದನಿ ತಗ್ಗಿಸಿ.

"ಕೇಳ್ದೆ. ಒಲೆ ಆರುತ್ತೆ ಅಂತ ಎದ್ದು ಹೋದ್ರು. ಒಲೆ ಆರಿರ್ಲಿಲ್ಲ." ಕಡ್ಡಿ ಪತ್ರಿಕೆಯನ್ನು ಮಡಚಿದಳು. "ನೀವು ಹೇಳೋವಾಗ ಎಲ್ಲರೂ ನಗ್ತಾರೆ ದೊಡ್ಡಪ್ಪ, ನಾನೂ ನಕ್ಕಿದೀನಿ. ಪರೀಕ್ಷೆ ಹಾಲಿನಲ್ಲಿ ಯಾರೂ ನಗ್ಲಿಲ್ಲ. ಅದಕ್ಕೇ ಅರ್ಥ ಆಯ್ತು."

ಆಕ್ಷೇಪಣೆಯನ್ನು ಮೇಷ್ಟ್ರು ಬರೆದುಕೊಡಲಿಲ್ಲ. ನೀನೇ ಬರಿ, ಈಗ ಹೇಳಿದ್ದನ್ನೇ ಬರಿ, ಚೆನ್ನಾಗಿದೆ ಎಂದರು. ಅದು ನಿಜವೂ ಆಗಿತ್ತು. ಇನ್ನೂ ನಿಜವಾದದ್ದೆಂದರೆ, ತಮ್ಮ ವಾಕ್ಯದ ಜಾಡು ಮಂಡಳಿಯವರಿಗೆ ಗುರುತು ಸಿಕ್ಕೀತೆಂಬ ಹೆದರಿಕೆ. ಹೊರಡುವಾಗ ಒಲೆಯ ಮುಂದೆ ನಿಂತಿದ್ದ ತಮ್ಮನ ಬೆನ್ನನ್ನು ನೋಡಿದರು. ಅದು ಯಾವತ್ತಿನಂತೆ ಹಿಟ್ಟು ಬಿದ್ದ ಅಗಲವಾದ ಬೆನ್ನು, ಜಂಬದ ಸುಳಿವೇ ಇಲ್ಲದ್ದು. ಬರ್ತೀನೋ ಎಂದರು. ಹ್ಞೂಂ ಎಂದ.

ಆಕ್ಷೇಪಣೆಗಳನ್ನು ನೋಡಲು ಮಂಡಳಿಯ ಭಾಷಾ ಸಮಿತಿ ಅದೇ ಪರದೆಯ ಕೋಣೆಯಲ್ಲಿ ಸೇರಿತು. ಪ್ರಶ್ನೆ ಬರೆದವರೂ ಅಲ್ಲೇ ಕೂತಿರುತ್ತಾರೆ, ಆದರೆ ಯಾವುದು ಯಾರದೆಂದು ಯಾರೂ ಬಾಯಿ ಬಿಡಬಾರದು. ಆಕ್ಷೇಪಣೆಗಳಿಗೂ ಹೆಸರಿಲ್ಲ. ಅಧ್ಯಕ್ಷೆ ನಿವೃತ್ತ ಪ್ರಿನ್ಸಿಪಾಲರು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡವರು. ಆ ದಾರವನ್ನು ಮೇಷ್ಟ್ರು ಅಂದು ಮೊದಲ ಬಾರಿಗೆ ಅಸೂಯೆಯಿಂದ ನೋಡಿದರು.

ಬೇಕರಿಯವನ ಸರದಿ ಬಂತು. ಅಧ್ಯಕ್ಷೆ ಕಡ್ಡಿಯ ಆಕ್ಷೇಪಣೆಯನ್ನು ಗಟ್ಟಿಯಾಗಿ ಓದಿದರು. ರುಚಿ ನೋಡುವವನು ಬಾಯಿಗೆ ಹಾಕುತ್ತಾನೆ ಎಂಬಲ್ಲಿಗೆ ಯಾರೋ ನಕ್ಕರು. ಕನ್ನಡಕದ ಮಾತು ಬಂದಾಗ ನಗು ನಿಂತು, ಎಲ್ಲರೂ ಗದ್ಯವನ್ನು ಎಳೆದುಕೊಂಡು ಮತ್ತೆ ಓದತೊಡಗಿದರು. ಮೇಷ್ಟ್ರ ಪಕ್ಕದಲ್ಲಿ ಕೂತಿದ್ದ ಉಪನ್ಯಾಸಕನಿಗೆ ಸಮಿತಿಯಲ್ಲಿ ಸರ್ವಾನುಮತ ಎಂದೇ ಹೆಸರು. ಯಾವ ಜಗಳಕ್ಕೂ ಅವನ ಜೇಬಿನಲ್ಲಿ ಒಂದು ರಾಜಿ ಇರುತ್ತಿತ್ತು. ಈ ಪ್ರಶ್ನೆಯನ್ನೇ ರದ್ದು ಮಾಡಿ ಎಲ್ಲ ಮಕ್ಕಳಿಗೂ ಒಂದೊಂದು ಅಂಕ ಹಂಚಿಬಿಡೋಣ, ಯಾರ ಮುಖಕ್ಕೂ ಮಸಿಯಿಲ್ಲ ಎಂದ.

ಅಧ್ಯಕ್ಷೆ ಒಪ್ಪಲಿಲ್ಲ. ರದ್ದು ಮಾಡಿದರೆ ಸರಿಯಾಗಿ ಓದಿದ ಮಗುವಿಗೂ ಓದದವನಿಗೂ ಒಂದೇ ಅಂಕ, ಇದ್ಯಾವ ನ್ಯಾಯ ಎಂದರು. ಆಮೇಲೆ ಯಾರನ್ನೂ ನೋಡದೆ ಗೋಡೆಗೆ ಹೇಳುವಂತೆ ಹೇಳಿದರು: "ಇದನ್ನ ಬರೆದವರು ಇಲ್ಲೇ ಇದ್ರೆ, ಅವರಿಗೆ ಏನನ್ನಿಸುತ್ತೆ ಅಂತ ಹೇಳಿದ್ರೆ ಒಳ್ಳೇದು."

ಮೇಷ್ಟ್ರು ಎದ್ದು ನಿಂತರು. "ಬರೆದೋನಿಗೆ ತಾನೇನು ಬರ್ದಿದೀನಿ ಅಂತ ಗೊತ್ತಿರ್ಲಿಲ್ಲ. ನಾಲ್ಕನೇದೇ ಸರಿ."

ಕೋಣೆಯಲ್ಲಿ ಒಂದು ಮೆಚ್ಚುಗೆಯ ಗೊಣಗು ಓಡಾಡಿತು. ತಮ್ಮ ತಪ್ಪನ್ನು ತಾವೇ ಒಪ್ಪಿಕೊಳ್ಳುವವರು ಆ ಕೋಣೆಯಲ್ಲಿ ಅಪರೂಪ. ಸರ್ವಾನುಮತ ಅವರ ಬೆನ್ನು ತಟ್ಟಿದ. ಅಧ್ಯಕ್ಷೆ ಕೊರಳಿನ ಕನ್ನಡಕ ಏರಿಸಿ, ಎರಡು ಎಂಬುದನ್ನು ಹೊಡೆದು ನಾಲ್ಕು ಎಂದು ತಿದ್ದಲು ಪೆನ್ನು ಎತ್ತಿದರು. ಕಡ್ಡಿ ಗೆರೆಯೊಳಗೆ ಬಂದಾಯಿತು.

ಅಲ್ಲಿಗೆ ಕೂತುಬಿಟ್ಟಿದ್ದರೆ ಆಗಿತ್ತು. ಮೇಷ್ಟ್ರು ಅರ್ಧ ಕೂತಿದ್ದರು ಕೂಡ. ಬೆನ್ನು ತಟ್ಟಿದ ಆ ಕೈ ಸುಮ್ಮನಿದ್ದಿದ್ದರೆ ಪೂರ್ತಿ ಕೂರುತ್ತಿದ್ದರೇನೋ. ಮೆಚ್ಚುಗೆ ಅವರ ಮೈಗೆ ಅಂಟಿತು, ತೊಳೆದರೂ ಹೋಗದ ಜಿಗಟು ಹಿಟ್ಟಿನ ಹಾಗೆ. ತಾವು ಹೇಳಿದ್ದು ಪೂರ್ತಿ ನಿಜ. ಆದರೆ ಆವತ್ತಿನ ಬ್ರೆಡ್ಡಿನ ಹಾಗೆ ಅದರೊಳಗೂ ಒಂದು ಗಾಜಿನ ಚೂರು ಇತ್ತು. ಕಣ್ಣಿಗೆ ಕಾಣದ್ದು, ಸಾಲಿನಲ್ಲಿ ನಿಂತ ಯಾವ ಮಗುವಿನ ಬಾಯಿಗೆ ಸಿಗುತ್ತದೋ ಗೊತ್ತಿಲ್ಲದ್ದು. ಅದನ್ನು ಹಾಗೇ ಬಿಟ್ಟು ಬಾಗಿಲು ತೆರೆದು ಮಾರುವುದು ತಮ್ಮನಿಗೆ ಆಗಿರಲಿಲ್ಲ.

"ಇನ್ನೊಂದು ಮಾತು" ಎಂದರು. "ಈ ಆಕ್ಷೇಪಣೆ ಬರೆದವಳು ನನ್ನ ತಮ್ಮನ ಮಗಳು."

ಪೆನ್ನು ಕಾಗದಕ್ಕೆ ತಾಗಿತ್ತು, ಅಲ್ಲೇ ನಿಂತಿತು. ಪಕ್ಕದ ಕುರ್ಚಿ ಒಂದು ಗೇಣು ಆಚೆ ಸರಿಯಿತು.

ಹಾಳೆಯಲ್ಲಿ ಮಕ್ಕಳ ಬಗ್ಗೆ ಮಾತ್ರ ಕೇಳಿತ್ತು, ತಮ್ಮನ ಮಗಳ ಬಗ್ಗೆ ಕೇಳಿರಲಿಲ್ಲ ಎಂದು ಮೇಷ್ಟ್ರು ಹೇಳಲು ಹೋದರು. ಹೇಳುವಾಗಲೇ ಅದು ಎಂಥ ಮಾತೆಂದು ಅವರ ಕಿವಿಗೇ ಕೇಳಿಸಿತು. ಅಧ್ಯಕ್ಷೆ ಪೆನ್ನು ಕೆಳಗಿಟ್ಟು ಅವರನ್ನು ನೋಡಿದರು. ಕೋಪವಿರಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಮೇಷ್ಟ್ರೇ, ನೀವು ಮಕ್ಕಳಿಗೆ ಅರ್ಥ ಮಾಡ್ಕೊಂಡು ಓದೋದು ಕಲಿಸ್ತೀರಿ, ಅಲ್ವಾ?"

ನಿಯಮ ಸ್ಪಷ್ಟವಾಗಿತ್ತು. ಬರೆದವರ ಹತ್ತಿರದ ಸಂಬಂಧಿ ಪರೀಕ್ಷೆಗೆ ಕೂತಿದ್ದರೆ ಆ ಪ್ರಶ್ನೆ ನಿಲ್ಲುವಂತಿಲ್ಲ. ಸರ್ವಾನುಮತನ ರಾಜಿಯೇ ಗೆದ್ದಿತು. ಪ್ರಶ್ನೆ ರದ್ದು, ಓದಿದವರಿಗೂ ಓದದವರಿಗೂ ಎಲ್ಲರಿಗೂ ಒಂದೊಂದು ಅಂಕ. ಎರಡನೆಯದಕ್ಕೆ ಗುರುತು ಹಾಕಿದವರು ಕೆಳಗಿಳಿಯಲಿಲ್ಲ, ಕಡ್ಡಿ ಮತ್ತೆ ಗೆರೆಯ ಹೊರಗೆ. ಮೇಷ್ಟ್ರನ್ನು ಹೊರಗೆ ಕಳಿಸಿದರು. ಬುಟ್ಟಿಯಿಂದ ಫೋನು ತೆಗೆದುಕೊಡುತ್ತಾ ಬಾಗಿಲಿನವನು, ಇಷ್ಟು ಬೇಗ ಮುಗೀತಾ ಸಾರ್ ಎಂದ. ನಂದು ಮುಗೀತು ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಒಂದೇ ವಾಕ್ಯವನ್ನು ಜೋಡಿಸುತ್ತಾ ಕೂತರು, ಯಾವ ಕಡೆಯಿಂದ ಎತ್ತಿದರೂ ಅದು ನಿಲ್ಲುತ್ತಿರಲಿಲ್ಲ. ನಿನ್ನ ಉತ್ತರವೇ ಸರಿ, ಅದಕ್ಕೇ ನಿನಗೆ ಸೀಟಿಲ್ಲ. ನಾನು ಪ್ರಾಮಾಣಿಕನಾದೆ, ಅದರ ದಂಡ ನೀನು ಕಟ್ಟು. ಯಾವುದನ್ನೂ ಆ ಹುಡುಗಿಯ ಮುಖ ನೋಡಿ ಹೇಳುವಂತಿರಲಿಲ್ಲ.

ಬೇಕರಿಯಲ್ಲಿ ಸಂಜೆಯ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದರು. ಒಳಬಾಗಿಲಲ್ಲಿ ಅಣ್ಣನನ್ನು ಕಂಡು ತಮ್ಮ ಕೈ ಕೊಡವಿಕೊಂಡು ಬಂದ. ಅವನ ಕೈ ಮುಖದವರೆಗೆ ಏಳುವ ಮುಂಚೆ ಮೇಷ್ಟ್ರೇ ಕನ್ನಡಕ ತೆಗೆದು ಅವನ ಅಂಗೈಯಲ್ಲಿಟ್ಟರು. ಕನ್ನಡಕವಿಲ್ಲದ ಕಣ್ಣಿಗೆ ತಮ್ಮನ ಮುಖ ಅಲ್ಲಿಗೇ ಕಲಸಿ ಹೋಯಿತು. ಕಾಣದಿದ್ದದ್ದೇ ಒಳ್ಳೆಯದಾಯಿತು, ಹೇಳಲು ಧೈರ್ಯ ಬಂತು. ನಿಂತಲ್ಲೇ ಎಲ್ಲವನ್ನೂ ಹೇಳಿದರು. ಕಥೆ ಬರೆದದ್ದು, ಪ್ರಶ್ನೆ ಮಾಡಿದ್ದು, ಕೋಣೆಯಲ್ಲಿ ನಡೆದದ್ದು, ಕಡ್ಡಿಯ ಸೀಟು ಹೋದದ್ದು. ಕಡ್ಡಿಯೂ ಮೇಜಿನ ಆ ತುದಿಯಲ್ಲಿ ಎಲ್ಲೋ ಇದ್ದಳು. ಅವಳ ಕೈಯ ತಟ್ಟೆ ಮೇಜಿನ ಮೇಲೆ ಕೂತ ಸದ್ದು ಕೇಳಿಸಿತು.

ಮೊದಲು ಮಾತಾಡಿದವಳು ಕಡ್ಡಿಯೇ.

"ಒಂದು ಚೂರಿಗೆ ಪೂರ್ತಿ ತಟ್ಟೆ ಗುಂಡಿಗೆ."

"ಹಾಕ್ಲೇಬೇಕು" ಎಂದ ತಮ್ಮ. "ಬೇರೆ ದಾರಿ ಇಲ್ಲ."

ದೊಡ್ಡ ಕಾಲೇಜು ತಪ್ಪಿತೆಂದು ಕಡ್ಡಿ ಅಳಲಿಲ್ಲ. ಆಚೆ ಊರಿನ ಕಾಲೇಜಿಗೆ ಹೋಗ್ತೀನಿ, ಅಲ್ಲಿಯ ಪ್ರಯೋಗಶಾಲೆಯಲ್ಲಿ ಇರೋದು ಒಂದೇ ಸೂಕ್ಷ್ಮದರ್ಶಕವಂತೆ, ಸರದಿ ಕಾಯಬೇಕಂತೆ, ಕಾಯ್ತೀನಿ ಎಂದಳು. ದನಿ ಮಾತ್ರ ಕಡ್ಡಿ ಮುರಿದಂತಿರಲಿಲ್ಲ, ಬಗ್ಗಿದಂತಿತ್ತು. ಮೇಷ್ಟ್ರಿಗೆ ಅದು ಹೊಡೆತಕ್ಕಿಂತ ಹೆಚ್ಚಾಗಿ ತಗುಲಿತು. ಅವಳು ಎಣ್ಣೆಯ ಡಬ್ಬಿ ಎತ್ತಿಕೊಂಡು ಅಂಗಡಿಯ ಮುಂಭಾಗಕ್ಕೆ ಹೋದಳು.

"ಆ ಚೂರು ಸಿಕ್ತೇನೋ?" ಎಂದು ಮೇಷ್ಟ್ರು ಕೇಳಿದರು.

"ಇಲ್ಲ. ಸಿಕ್ಕಿದ್ರೆ ಉಳಿದದ್ದು ಮಾರ್ತಿದ್ದೆ. ಅಷ್ಟು ಬ್ರೆಡ್ ಎಸೆಯೋಕೆ ನಂಗೇನು ಹುಚ್ಚಾ?"

ಇಷ್ಟು ವರ್ಷಗಳ ಜಂಬ ಅಷ್ಟೇ ಆಗಿತ್ತು. ಮೇಷ್ಟ್ರು ನಗಬೇಕೋ ಅಳಬೇಕೋ ತಿಳಿಯದೆ ಮೇಜಿನ ಅಂಚು ಹಿಡಿದುಕೊಂಡರು. "ಒಂದು ಮಾತು ಹೇಳ್ಬಾರ್ದಿತ್ತಾ? ಊಟಕ್ಕೆ ಬಂದವರ ಮುಂದೆಲ್ಲ ನಿನ್ನ ಮಾನ ಕಳೀತಿದ್ದೆ. ಕೂತು ನಗ್ತಿದ್ಯಲ್ಲ."

ತಮ್ಮ ಕನ್ನಡಕವನ್ನು ಒರೆಸುತ್ತಿದ್ದನೆಂದು ಕಾಣುತ್ತದೆ, ಬಟ್ಟೆ ಉಜ್ಜುವ ಸದ್ದು ಬರುತ್ತಿತ್ತು. ಉತ್ತರಕ್ಕೆ ಅವನು ಯೋಚಿಸಿದಂತೆಯೂ ಕಾಣಲಿಲ್ಲ. ಎಷ್ಟೋ ವರ್ಷದಿಂದ ಸಿದ್ಧವಾಗಿ ಇಟ್ಟಿದ್ದ ಹಾಗಿತ್ತು.

"ಹೇಳಿದ್ರೆ ನೀನು ಆಮೇಲೆ ಒಳಗೇ ಬರ್ತಿರ್ಲಿಲ್ಲ."

ಮೇಷ್ಟ್ರು ಅಂಗಿಯ ತೋಳು ಮಡಚಿದರು. ಯಾಕೆಂದು ಅವರಿಗೇ ತಿಳಿಯಲಿಲ್ಲ. ತೊಟ್ಟಿ ಎಲ್ಲಿದೆ ಎಂದು ಕೈಯಾಡಿಸಿದರು. ತಮ್ಮ ಬೇಡವೆನ್ನಲಿಲ್ಲ. ಕೈ ತೊಳ್ಕೋ ಎಂದ. ಕನ್ನಡಕ ಕೇಳಬೇಡ, ಗಲ್ಲಾದ ಹತ್ತಿರ ಇಟ್ಟಿರ್ತೀನಿ ಎಂದ. ಹಿಟ್ಟು ಬೆಚ್ಚಗಿತ್ತು, ಒತ್ತಿದರೆ ತಗ್ಗಿ ಮತ್ತೆ ಮೆಲ್ಲಗೆ ಮೇಲೇಳುತ್ತಿತ್ತು. ಅದು ಯಾಕೆ ಹಾಗೆ ಏಳುತ್ತದೆಂದು ಓದಲು ಹೊರಟವಳ ಹಾದಿಯಲ್ಲಿ ಕಲ್ಲು ಹಾಕಿದ ಕೈಗಳಿಂದಲೇ ಮೇಷ್ಟ್ರು ಅದನ್ನು ನಾದಿದರು. ಕಣ್ಣಿಗೆ ಎಲ್ಲವೂ ಬರೀ ಬಿಳಿ.

ಬ್ರೆಡ್ ಬೆಂದು ಹೊರಗೆ ಬರುವ ಹೊತ್ತಿಗೆ ಅಂಗಡಿಯ ಮುಂದೆ ಸಂಜೆಯ ಸಾಲು ಸೇರಿತ್ತು. ಹಳೆಯ ಗಿರಾಕಿಯೊಬ್ಬ, ದನಿಯಿಂದ ಪಕ್ಕದ ದರ್ಜಿ ಇರಬೇಕು, ಏನಪ್ಪ, ಇವತ್ತಿನದು ನಿಂಗೆ ಹಿಡಿಸ್ತೋ ಇಲ್ವೋ ಎಂದು ಎಂದಿನ ತಮಾಷೆ ಮಾಡಿದ.

"ಅಣ್ಣ ನಾದಿದಾನೆ" ಎಂದ ತಮ್ಮ. "ಅಗಿಯೋವಾಗ ಸ್ವಲ್ಪ ನೋಡ್ಕೊಂಡು ಅಗೀರಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರ ನಡುವೆ ಕಡ್ಡಿಯ ನಗುವಿತ್ತೋ ಇಲ್ಲವೋ ಎಂದು ಮೇಷ್ಟ್ರು ಕಿವಿಗೊಟ್ಟರು, ಗೊತ್ತಾಗಲಿಲ್ಲ. ಎಲ್ಲ ಮುಖಗಳೂ ತಮ್ಮ ಕಡೆ ತಿರುಗಿರಬೇಕೆಂದು ತಿಳಿದು ಅವರೂ ನಕ್ಕರು. ತುಟಿ ಎಷ್ಟು ಅಗಲಿಸಬೇಕು, ಎಷ್ಟು ಹೊತ್ತು ಹಿಡಿದಿರಬೇಕು, ಆಮೇಲೆ ಕಣ್ಣನ್ನು ಎಲ್ಲಿ ಇಡಬೇಕು, ಯಾವುದೂ ಅವರಿಗೆ ಬರಲಿಲ್ಲ. ಇಷ್ಟು ವರ್ಷ ಊಟದ ಮೇಜಿನಾಚೆ ಕೂತು ತಮ್ಮ ಇದನ್ನು ಅಷ್ಟು ಸಲೀಸಾಗಿ ಹೇಗೆ ಮಾಡುತ್ತಿದ್ದನೋ. ಕೈಗೆ ಏನಾದರೂ ಬೇಕೆನಿಸಿತು. ಮೇಜಿನ ಮೇಲೆ ತಡಕಾಡಿದರು, ನೀರಿನ ಲೋಟವೊಂದು ಸಿಕ್ಕಿತು. ಅದನ್ನೇ ತಿರುಗಿಸುತ್ತಾ ನಿಂತರು.